ಮುಳ್ಳು ನಿಂತ ಆಳ

ಅಧ್ಯಕ್ಷರಾದ ಲ್ಯೂಡರ್ಸ್ ಅವರೇ, ನಮ್ಮ ಜಲಾಂತರ್ಗಾಮಿಯ ಮುಖ್ಯ ಎಂಜಿನಿಯರಾಗಿದ್ದು ಇಂದು ಸನ್ಮಾನ ಸ್ವೀಕರಿಸಬೇಕಾದ ಐಲರ್ಟ್ ವುಬ್ಬೆನಾ ಸಾಹೇಬರೇ, ಹಳೆಯ ಜೊತೆಗಾರರೇ, ಅವರನ್ನು ಇಷ್ಟು ವರ್ಷ ಸಹಿಸಿಕೊಂಡ ಹೆಂಡತಿಯರೇ, ಕೀಲ್ ನಗರದ ಸಭಿಕರೇ,

ನಾನು ಹಿನ್ನರ್ಕ್, ಆ ದೋಣಿಯ ಅಡುಗೆಯವನು. ನನ್ನ ಬಟಾಣಿ ಸೂಪು ಕುಡಿದೂ ಬದುಕಿದವರು ನೀವು. ಸಮುದ್ರ ನಿಮ್ಮನ್ನು ಏನು ಮಾಡೀತು! ಆದರೆ ಮೊದಲೇ ಹೇಳಿಬಿಡುತ್ತೇನೆ, ಯುದ್ಧವನ್ನು ಹೊಗಳಲು ನಾನಿಲ್ಲಿ ನಿಂತಿಲ್ಲ. ನಾವು ಮುಳುಗಿಸಿದ ಹಡಗುಗಳಲ್ಲೂ ಅಡುಗೆಯವರಿದ್ದರು.

‘ಇನ್ನೂರು ಮೀಟರ್ ಆಳದಿಂದ ನಮ್ಮನ್ನು ಮೇಲೆ ತಂದವರು’ ಎಂದು ಸನ್ಮಾನ ಫಲಕದಲ್ಲಿ ಕೆತ್ತಿಸಿದ್ದೇವೆ. ಬೆಳಿಗ್ಗೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, “ನೋಡು ಹಿನ್ನರ್ಕ್, ಆ ಅಂಕಿ ಸುಳ್ಳು. ನಿಮಗೆಲ್ಲ ಮೋಸ ಮಾಡಿದ್ದೀನಿ. ಫಲಕ ನಾನು ಮುಟ್ಟಲ್ಲ” ಅಂದರು. ಏನು ಮೋಸ ಅಂತಲೂ ಹೇಳಿದರು. ಗುಟ್ಟಾಗಿ ಹೇಳಿದ್ದನ್ನು ನಾನು ಮೈಕಿನಲ್ಲಿ ಹೇಳುತ್ತಿದ್ದೇನೆ. ಬೈಯುವುದಿದ್ದರೆ ಊಟವಾದ ಮೇಲೆ ಬೈಯಿರಿ.

ಆವತ್ತು ಮೇಲಿನಿಂದ ಬಾಂಬು ಬೀಳುತ್ತಿತ್ತು. ಹಿಂಭಾಗಕ್ಕೆ ನೀರು ನುಗ್ಗಿ ದೋಣಿ ಇಳಿಯತೊಡಗಿತು. ಕಟ್ಟಿದವರು ಭರವಸೆ ಕೊಟ್ಟದ್ದು ನೂರು ಮೀಟರಿಗೆ. ಆಳ ತೋರಿಸುವ ಮುಳ್ಳು ನೂರೈವತ್ತು ದಾಟಿತು, ನೂರೆಂಬತ್ತೂ ದಾಟಿತು. ಕೆಲಸ ಮಾಡುವವರಾರು? ಎಲ್ಲರ ಕಣ್ಣೂ ಮುಳ್ಳಿನ ಮೇಲೆ. “ಅಯ್ಯೋ, ಮುಗೀತು ಕಣ್ರೋ ನಮ್ಮ ಕಥೆ!” ಅಂತ ಇಲ್ಲೇ ಕೂತಿರುವ ನಮ್ಮ ನಾವಿಕ ಗೆರ್ಡೆಸ್ ಕೂಗಿದ. ಹೌದೋ ಅಲ್ಲವೋ ಗೆರ್ಡೆಸ್? ಇನ್ನೂರಕ್ಕೆ ಮುಳ್ಳು ನಿಂತಿತು. “ದೋಣಿ ನಿಂತಿತು! ಏನ್ರೋ ಬಾಯಿ ಬಿಡ್ಕೊಂಡು ನೋಡ್ತೀರಾ, ಬಕೆಟ್ ಹಿಡೀರಿ!” ಎಂದು ಸಾಹೇಬರು ಗದರಿಸಿದರು. ಹಿಡಿದೆವು. ನೀರು ಹೊತ್ತೆವು, ಪಂಪು ಸರಿಮಾಡಿದೆವು, ಮೇಲೆ ಬಂದೆವು.

ನಿಂತದ್ದು ಮುಳ್ಳು ಮಾತ್ರ. ಆಳ ಅಳೆಯಲು ಮಾಪಕಕ್ಕೆ ಹೊರಗಿನ ನೀರು ಬರುವ ಕವಾಟವನ್ನು ಸಾಹೇಬರೇ ತಿರುಗಿಸಿ ಮುಚ್ಚಿದ್ದರು. ದೋಣಿ ಇನ್ನೂ ಇಳಿಯುತ್ತಲೇ ಇತ್ತು.

ಆದರೆ ಸಾಹೇಬರೇ, ನನ್ನ ಅಡುಗೆ ಜಾಗದಲ್ಲಿ ಆ ಗೋಡೆಯಿಂದ ಈ ಗೋಡೆಗೆ ಬಿಗಿದ ದಾರವಿತ್ತು. ನೀರಿನ ಒತ್ತಡಕ್ಕೆ ಗೋಡೆಗಳು ಒಳಗೆ ಸರಿದಂತೆ ದಾರ ಜೋಲು ಬೀಳುತ್ತದೆ. ನಮ್ಮ ನಾವಿಕರ ಹಳೆಯ ಆಟ ಅದು. ಮುಳ್ಳು ನಿಂತ ಮೇಲೂ ದಾರ ಜೋಲುತ್ತಲೇ ಹೋಯಿತು. ಯಾರ ಕಣ್ಣಿಗೂ ಬೀಳದಿರಲಿ ಅಂತ ಕಿತ್ತು ಜೇಬಿಗೆ ಹಾಕಿಕೊಂಡೆ. ಹೆದರಿಕೆ ಆಗಲಿಲ್ಲವೇ? ಜೀವ ಬಾಯಿಗೆ ಬಂದಿತ್ತು! ಆದರೂ, ಉಳಿದವರು ನಂಬಿದ್ದಾರಲ್ಲ, ಪಾಪ, ನಂಬಿಕೊಂಡೇ ಇರಲಿ ಅನ್ನಿಸಿತು.

ಇಷ್ಟು ವರ್ಷ ನಾನೊಬ್ಬನೇ ಜಾಣ ಅಂದುಕೊಂಡಿದ್ದೆ. ಈಗ ಒಳಗೆ ಬರುವಾಗ ಗೆರ್ಡೆಸ್‌ಗೆ ಹೇಳಿದರೆ, “ಹೋಗಯ್ಯ, ಆಮೇಲೂ ಕಬ್ಬಿಣ ಕಿರುಗುಟ್ತಾನೇ ಇತ್ತು. ನನಗೇನು ಕಿವಿ ಇರ್ಲಿಲ್ವಾ? ನೀವು ಹೆದರ್ತೀರಿ ಅಂತ ಸುಮ್ಮನಿದ್ದೆ” ಅನ್ನಬೇಕೆ! ಹಾಗಾಗಿ ಆ ದೋಣಿಯಲ್ಲಿದ್ದ ಎಲ್ಲರನ್ನೂ ಕೇಳುತ್ತೇನೆ. ಇನ್ನೂ ಇಳಿಯುತ್ತಿದ್ದೇವೆ ಅಂತ ಗೊತ್ತಿದ್ದೂ ಪಕ್ಕದವನಿಗಾಗಿ ಬಾಯಿ ಮುಚ್ಚಿಕೊಂಡವರು ಕೈ ಎತ್ತಿ.

ಸಾಹೇಬರೇ, ತಲೆ ತಗ್ಗಿಸಬೇಡಿ, ಹಿಂದೆ ತಿರುಗಿ ನೋಡಿ. ನಮ್ಮ ಕ್ಯಾಪ್ಟನ್ ಕೂಡ ಎತ್ತಿದ್ದಾರೆ. ನೀವು ಮೋಸ ಮಾಡಿದ್ದು ಇವರಲ್ಲಿ ಯಾರಿಗೆ, ಹೇಳಿ?

ಬನ್ನಿ, ವೇದಿಕೆಗೆ ಬನ್ನಿ. ಅಡುಗೆಯವನ ಮಾತನ್ನೂ ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನನ್ನ ವಂದನೆಗಳು. ಸಾಹೇಬರು ಮೇಲೆ ಬರುವವರೆಗೆ ಯಾರೂ ಕೈ ಇಳಿಸಬೇಡಿ. ನಮಸ್ಕಾರ.