ಹಗ್ಗದ ಅಗ್ಗ

ನಿಯಮ ಒಂದೇ ಒಂದು ಇತ್ತು ಪುಟ್ಟಿ, ಒಂದೇ ಒಂದು! ‘ಒಬ್ಬರ ತಪ್ಪನ್ನು ಇನ್ನೊಬ್ಬರಿಗೆ ದಾಟಿಸಬಾರದು.’ ನಮ್ಮ ಮನೆಯವರ ವಾಟ್ಸಾಪ್ ಗುಂಪು ಶುರುವಾದ ದಿನವೇ ನಾನು ಬರೆದು ಹಾಕಿದ್ದೆ, ಪೂರ್ಣವಿರಾಮದ ಸಮೇತ. ಎಲ್ಲರೂ ಹೆಬ್ಬೆರಳು ತೋರಿಸಿ ಒಪ್ಪಿದ್ದರು. ಈಗ ನೋಡು! ನಿನ್ನ ಆ ಹಳೇ ಜಾಹೀರಾತನ್ನು ನಮ್ಮವಳ ತಮ್ಮ ಕಳಿಸಿದ. ಅವನ ಮಗಳು ಅದಕ್ಕೆ ಡೋಲು ಬಡಿತ ಸೇರಿಸಿ ಕಳಿಸಿದಳು. ಚಿಕ್ಕಮ್ಮ... ಎಂಬತ್ತೆರಡು ವರ್ಷ ಅವರಿಗೆ, ಬೆರಳು ಎಲ್ಲಿ ಒತ್ತುತ್ತೆ ಅಂತ ಅವರಿಗೇ ಗೊತ್ತಿಲ್ಲ... ಗ್ಯಾಸ್ ಏಜೆನ್ಸಿಗೆ ಕಳಿಸಿದ್ದಾರೆ! ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು ನನ್ನನ್ನೇ ಕೇಳ್ತಾನೆ: “ಸಾರ್, ಹಗ್ಗಮ್ಮ ನಿಮ್ಮ ಸ್ವಂತ ತಂಗಿಯಂತೆ, ಹೌದಾ?”

ಯಾಕೆ ನಗ್ತೀಯ? ನಗುವ ವಿಷಯವಾ ಇದು?

ನಾನಾ? ನಾನು ಯಾರಿಗೂ ಕಳಿಸಲಿಲ್ಲ... ಹಾಗೆ ನೋಡಬೇಡ. ಒಬ್ಬರಿಗೆ. ನಮ್ಮ ಹಳೇ ಕ್ಯಾಮೆರಾದವನಿಗೆ ಮಾತ್ರ, ಸಲಹೆ ಕೇಳೋಕೆ. ಸಲಹೆ ಕೇಳಿದರೆ ದಾಟಿಸಿದ ಹಾಗಲ್ಲ. ಅವನು ಇನ್ನೂರು ಜನಕ್ಕೆ ಕಳಿಸಿದ, ಅದು ಅವನ ಹಣೆಬರಹ.

ಟೀ ಆಮೇಲೆ. ಮೊದಲು ಕೆಲಸ. ಈ ಕುರ್ಚಿಯಲ್ಲಿ ಕೂತ್ಕೋ, ಬೆಳಕಿನ ಕಡೆಗೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸ್ತೀನಿ... ಜಾರುತ್ತೆ. ಒಂದು ನಿಂಬೆಹಣ್ಣು ಕೊಡು, ಮುಂದೆ ತಡೆ ಇಡೋಣ. ಹಾಂ. ಕೆಂಪು ಚುಕ್ಕೆ ಬಂತು ನೋಡು. ಕೆಂಪು ಚುಕ್ಕೆ ಬಂದರೆ ಫೋನು ಸಿದ್ಧವಾಗಿದೆ ಅಂತ ಅರ್ಥ. ನಾವು ಶುರು ಮಾಡಬೇಕಾದಾಗ ಇನ್ನೊಂದು ಸಲ ಒತ್ತಬೇಕು.

ಏನು? ತಿಳಿದುಕೊಂಡೇ ಬಂದಿದ್ದೀನಮ್ಮ. ನನಗೂ ಬರುತ್ತೆ.

ಕೇಳು. ನಾಳೆ ಹತ್ತು ಗಂಟೆಗೆ ಆ ಮೀಮ್ ಪೇಜಿನ ಹುಡುಗಿ ಬರ್ತಾಳೆ. ಮೊದಲು ನನ್ನ ಹತ್ತಿರ, ಹಾಮೇಲೆ ನಿನ್ನ ಹತ್ತಿರ. ಹಳೇ ಜಾಹೀರಾತುಗಳನ್ನು ಹುಡುಕಿ ತೆಗೆಯೋದೇ ಅವಳ ಕಸುಬಂತೆ. ಆಗಿನ ಹಲ್ಲುಪುಡಿ, ಆಗಿನ ಬಲ್ಬು, ಎಲ್ಲಾ. ಅದರಲ್ಲಿ...

ಏನಂದೆ ನಾನು? ‘ಹಾಮೇಲೆ’ ಅಂದೆನಾ? ಸಾಧ್ಯವೇ ಇಲ್ಲ. ‘ಆಮೇಲೆ’ ಅಂತಲೇ ಅಂದಿದ್ದು. ನಿನ್ನ ಕಿವಿಗೆ ವಯಸ್ಸಾಯ್ತು. ನಲವತ್ತು ವರ್ಷ ಇಡೀ ಊರಿಗೆ ಉಚ್ಚಾರಣೆ ಕಲಿಸಿದ ಮನುಷ್ಯ ನಾನು. ನನ್ನ ಬೆನ್ನ ಹಿಂದೆ ‘ಹಕಾರ ಮಾಸ್ತರು’ ಅಂತ ಕರೀತಿದ್ದರು. ನನಗೆ ಗೊತ್ತಿಲ್ಲ ಅಂದುಕೊಂಡಿದ್ದರು. ನನಗೆ ಹೆಮ್ಮೆಯೇ ಇತ್ತು.

ವಿಷಯಕ್ಕೆ ಬರ್ತೀನಿ. ಮೂವತ್ತೊಂದು ವರ್ಷದ ಹಿಂದಿನ ಇಪ್ಪತ್ತು ಸೆಕೆಂಡು. ನೀಲಿ ನೈಲಾನ್ ಹಗ್ಗ, ಬಟ್ಟೆ ಒಣಗಿಸೋಕೆ. ನೀನು ಒದ್ದೆ ಬೆಡ್‌ಶೀಟು ಎತ್ತಿ ಹಾಕ್ತೀಯ, ಹಗ್ಗ ಅಲುಗಲ್ಲ, ನೀನು ತಿರುಗಿ ನಗ್ತೀಯ. ಹೇಳಬೇಕಾದ್ದು ನಾನು ಬರೆದ ಸಾಲು: ‘ಅಗ್ಗದ ಹಗ್ಗ, ಜಗ್ಗಿದರೂ ಜಗ್ಗದು!’ ಎಂಥಾ ಸಾಲು! ನಮ್ಮ ಜಾಹೀರಾತು ಕಂಪನಿಯ ಮಾಲೀಕರು ಮೇಜು ಕುಟ್ಟಿದ್ದರು. ನಿನ್ನ ಬಾಯಿಂದ ಬಂದದ್ದೋ? ‘ಹಗ್ಗದ ಅಗ್ಗ.’ ರೀಲು ಉಳಿದಿದ್ದು ಆ ಒಂದು ಟೇಕಿಗೆ ಮಾತ್ರ. ಅಲ್ಲಿದ್ದವರ ಕಿವಿ ತನಗೆ ಬೇಕಾದ್ದನ್ನೇ ಕೇಳಿಸಿಕೊಂಡಿತು. ಟೀವಿಯಲ್ಲಿ ಬಂದ ಮೇಲೆ ಊರು ಸರಿಯಾಗಿ ಕೇಳಿಸಿಕೊಂಡಿತು. ಹದಿನೆಂಟೇ ದಿನಕ್ಕೆ ನಿಲ್ಲಿಸಿದರು.

ಸತ್ತುಹೋಗಿತ್ತು ಕಣೇ ಅದು! ಹಗ್ಗದ ಕಂಪನಿಯೂ ಮುಚ್ಚಿಹೋಯ್ತು. ಈಗ ಎದ್ದು ಕೂತಿದೆ. ಮನುಷ್ಯ ಬೈಕಿನ ಮೇಲಲ್ಲ, ಬೈಕು ಮನುಷ್ಯನ ಹೆಗಲ ಮೇಲೆ. ಕೆಳಗೆ ನಿನ್ನ ಮುಖ, ‘ಹಗ್ಗದ ಅಗ್ಗ!’ ಬೆಕ್ಕು ಸೋಫಾದಲ್ಲಿ, ಯಜಮಾನ ಚಾಪೆಯಲ್ಲಿ; ‘ಹಗ್ಗದ ಅಗ್ಗ!’ ಯಾವುದು ತಲೆಕೆಳಗಾದರೂ ನೀನು ಬಂದು ನಗ್ತೀಯ. ಒಂದು ಚೆನ್ನಾಗಿತ್ತು, ಒಪ್ಪಿಕೊಳ್ತೀನಿ. ದಂತವೈದ್ಯ ಕುರ್ಚಿಯಲ್ಲಿ ಮಲಗಿದ್ದಾನೆ, ರೋಗಿ ಇಕ್ಕಳ ಹಿಡಿದು ನಿಂತಿದ್ದಾನೆ... ಇರಲಿ ಬಿಡು.

ನಿನ್ನ ಕಣ್ಣಾಸ್ಪತ್ರೆಯಲ್ಲೂ ಶುರುವಾಯ್ತಂತಲ್ಲ? ನೀನು ಮೈಕಿನಲ್ಲಿ “ಟೋಕನ್ ನಲವತ್ತೆರಡು, ಕೊಠಡಿ ಮೂರು” ಅಂದರೆ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತ ಮುದುಕರು ಕೂಡ “ಹಗ್ಗಮ್ಮಾ, ಕೊಠಡಿ ನಲವತ್ತೆರಡು, ಟೋಕನ್ ಮೂರು ಅನ್ನಿ” ಅಂತಾರಂತೆ. ನಿನ್ನ ಮೇಲಿನ ಡಾಕ್ಟರು ಏನೋ ಅಂದರಂತೆ? ಮೈಕಿಗೆ ಬೇರೆಯವರನ್ನು ನೋಡ್ತಾರಂತೆ? ಹಾಂ... ತಲೆ ತಗ್ಗಿಸಬೇಡ. ಅದಕ್ಕೇ ನಾನು ಬಂದಿರೋದು. ನಾವು ನಾಳೆ ಇದನ್ನು ಶಾಶ್ವತವಾಗಿ ಮುಗಿಸಿಬಿಡ್ತೀವಿ.

ಹೇಗೆ ಅಂದರೆ, ನೀನು ಗಂಭೀರವಾಗಿ ಎರಡು ವಾಕ್ಯ ಹೇಳ್ತೀಯ. ಅಣ್ಣ ಸಾಲು ಬರೆದು ಹಿಡಿದಿದ್ದ ಬೋರ್ಡು ಸರಿಯಾಗೇ ಇತ್ತು, ನನ್ನ ಬಾಯಿ ತಪ್ಪಿತು. ಮುಗೀತು. ತಪ್ಪು ಒಪ್ಪಿಕೊಂಡವರ ಮೇಲೆ ಜನ ಎಷ್ಟು ದಿನ ನಗ್ತಾರೆ?

ಈಗಲೇ ಯಾಕೆ ಅಂತೀಯಾ? ಸುಮ್ಮನೆ... ಏನಿಲ್ಲ, ಅದೇನೋ ಕನ್ನಡಿಯಂತೆ. ಜಾಹೀರಾತಿನಲ್ಲಿ ನಿನ್ನ ಹಿಂದೆ ಒಂದು ಬೀರು ಇತ್ತಲ್ಲ, ಅದರ ಕನ್ನಡಿಯಲ್ಲಿ ನಾನು ಕಾಣ್ತಿದ್ದೀನಂತೆ. ಬೋರ್ಡು ಹಿಡಿದು ನಿಂತಿದ್ದೀನಂತೆ. ಕೆಲಸವಿಲ್ಲದವರು, ಅದನ್ನು ದೊಡ್ಡದು ಮಾಡಿ, ಉಲ್ಟಾ ಮಾಡಿ ನೋಡ್ತಿದ್ದಾರೆ. ಎಲ್ಲಾ ಮಸುಕು. ಯಾವನೋ ಒಬ್ಬ ಮೊದಲನೇ ಅಕ್ಷರಕ್ಕೆ ತಲೆಕಟ್ಟು ಇದೆ ಅಂತಾನೆ. ‘ಅ’ಗೆ ಎಲ್ಲಿಯ ತಲೆಕಟ್ಟು? ತಲೆಕಟ್ಟು ಇರೋದು ‘ಹ’ಗೆ. ಹಾಗಾಗಿ ಅವನು ಹೇಳೋದು ಅಸಂಬದ್ಧ. ಧೂಳು ಇರಬೇಕು ಕನ್ನಡಿ ಮೇಲೆ. ಇನ್ನೊಬ್ಬಳು ಏನೋ ಯಂತ್ರಕ್ಕೆ ಹಾಕಿ ಮಸುಕು ತೆಗೆಸ್ತಾಳಂತೆ. ತೆಗೆಸಲಿ! ಅಷ್ಟರೊಳಗೆ ನಮ್ಮ ಹೇಳಿಕೆ ಹೊರಗೆ ಇದ್ದರೆ ಒಳ್ಳೆಯದು, ಅಷ್ಟೇ.

ಯಾಕೆ ಹಾಗೆ ನೋಡ್ತಿದ್ದೀಯ? ಬೋರ್ಡು ಬರೆದದ್ದು ನಾನು. ಸೀಮೆಸುಣ್ಣದಲ್ಲಿ, ಅಂಗೈಯಷ್ಟು ದೊಡ್ಡ ಅಕ್ಷರ. ಶೂಟಿಂಗ್ ಮುಗಿದ ಮೇಲೆ ನಿರ್ದೇಶಕರೇ ಬಂದು ನೋಡಿದರು. ‘ಅಗ್ಗದ ಹಗ್ಗ’ ಅಂತಲೇ ಇತ್ತು. ಅವರು ನೋಡಿದರಲ್ಲ? ಸಾಕಲ್ಲ?

ಸರಿ, ಮಾತಾಡಬೇಡ. ಗಂಟಲು ಉಳಿಸಿಕೋ. ಬರೆದುಕೊಡ್ತೀನಿ, ನೀನು ಓದಿದರಾಯ್ತು. ಕಾಗದ ಬೇಡ, ಅಲುಗಿದರೆ ಸದ್ದು ಬರುತ್ತೆ. ರಟ್ಟು ಇದೆಯಾ? ಈ ಚಪ್ಪಲಿ ಡಬ್ಬಿಯ ಮುಚ್ಚಳ ಹರೀತೀನಿ. ದಪ್ಪ ಪೆನ್ನು? ಕೊಡು.

ಬಾಯಿ ತಪ್ಪೋದು ಅವಮಾನ ಅಲ್ಲ ಪುಟ್ಟಿ. ನಮ್ಮ ಮನೆ ನೆನಪಿಲ್ವಾ? ಅಪ್ಪ ‘ಆಲು’ ಅಂತಿದ್ದರು, ಅಮ್ಮ ‘ಊವು’ ಅಂತಿದ್ದರು. ಹಾಲೂ ಕುಡೀತಿದ್ದೆವು, ಹೂವೂ ಮುಡೀತಿದ್ದರು, ಯಾರಿಗೂ ಏನೂ ಕಡಿಮೆ ಆಗಲಿಲ್ಲ. ನಿನ್ನನ್ನು ಕನ್ನಡ ಶಾಲೆಗೆ ಹಾಕಿದರು, ಅಲ್ಲಿಯ ಟೀಚರು ನಗ್ತಾ ತಿದ್ದಿದರು. ನನ್ನನ್ನು ಇಂಗ್ಲಿಷ್ ಶಾಲೆಗೆ ದಬ್ಬಿದರು. ‘ಹೌಸ್’ಗೆ ‘ಔಸ್’ ಅಂದೆ. ಬೆಂಚಿನ ಮೇಲೆ ನಿಲ್ಲಿಸಿದರು. ಮಾರನೇ ದಿನ ಹೆದರಿಕೊಂಡು ‘ಎಗ್’ಗೂ ‘ಹೆಗ್’ ಅಂದೆ. ಮತ್ತೆ ಬೆಂಚು! ಇಡೀ ಕ್ಲಾಸು ಕೋಳಿ ಥರ ಕೂಗಿತ್ತು. ಆವತ್ತಿಂದ ಯಾರಾದರೂ ಗದರಿದರೆ ಸಾಕು, ಹಕಾರ ಎಲ್ಲೆಲ್ಲಿಂದಲೋ ಎದ್ದು ಓಡಿ ಬರುತ್ತೆ... ಬರ್ತಿತ್ತು. ಆಗ. ಚಿಕ್ಕವನಿದ್ದಾಗ. ಈಗ ಇಲ್ಲ.

ಹಾಂ, ಬರೆದಾಯ್ತು. ಹಿಡಿ. ಆವತ್ತು ಶೂಟಿಂಗಿನಲ್ಲಿ ಹೇಳಿದ ನನ್ನ ಹಳೇ ಮಾತು ನೆನಪಿದೆಯಲ್ಲ? ಯೋಚನೆ ಮಾಡಬೇಡ, ತಿದ್ದಬೇಡ. ಇದ್ದದ್ದನ್ನು ಇದ್ದ ಹಾಗೆ ಓದು.

ಓದು.

ಓದೇ. ಕಣ್ಣು ಮಂಜಾ? ಕನ್ನಡಕ ಹಾಕ್ಕೋ. ಇಷ್ಟು ದೊಡ್ಡ ಅಕ್ಷರ... ಏನಾಯ್ತು? ಯಾಕೆ ಹಾಗೆ ಕೂತಿದ್ದೀಯ? ಆವತ್ತೂ ಹೀಗೇ ಮಾಡಿದ್ದೆ. ಮಾಲೀಕರು ಗಡಿಯಾರ ನೋಡಿ ಗದರ್ತಿದ್ದಾರೆ, ಇದೂ ಕೆಟ್ಟರೆ ಯಾರೂ ನಾಳೆಯಿಂದ ಕೆಲಸಕ್ಕೆ ಬರಬೇಡಿ ಅಂತಿದ್ದಾರೆ, ನೀನು ಬೋರ್ಡು ನೋಡಿದೆ, ನನ್ನ ಮುಖ ನೋಡಿದೆ, ಮತ್ತೆ ಬೋರ್ಡು ನೋಡಿದೆ...

ಯಾಕೆ ತಿರುಗಿಸ್ತೀಯ? ನನಗೆ ಯಾಕೆ ತೋರಿಸ್ತೀಯ, ಬರೆದವನು ನಾನೇ ಅಲ್ವಾ? ‘ಬೋರ್ಡಿನ ಮೇಲೆ... ಬೋರ್ಡಿನ ಮೇಲೆ “ಹಗ್ಗದ ಅಗ್ಗ” ಎಂದೇ ಬರೆದಿತ್ತು.’

...

ಇದು... ಪೆನ್ನು ಸರಿಯಿಲ್ಲ. ಇಲ್ಲ, ಇರು. ಇನ್ನೊಂದು ಮುಚ್ಚಳ ಕೊಡು, ಈಗಲೇ... ಕೊಡಲ್ವಾ?

ಏನಾದರೂ ಅನ್ನೇ. ನಗು ಬೇಕಾದರೆ. ಆಗಿನಿಂದ ನಗ್ತಿದ್ದೆಯಲ್ಲ, ಈಗ ಯಾಕೆ ನಿಲ್ಲಿಸಿದೆ?

ಗೊತ್ತಿತ್ತು, ಅಲ್ವಾ ನಿನಗೆ? ಗೊತ್ತಿರದೆ ಏನು? ಓದಿದವಳು ನೀನು. ನಿನ್ನ ಹಕಾರ ಯಾವತ್ತು ತಪ್ಪಿತ್ತು? ‘ಕಟ್’ ಅಂದ ತಕ್ಷಣ ನಾನು ಬೋರ್ಡು ನೋಡಿದೆ. ‘ಹಗ್ಗದ ಅಗ್ಗ’ ಅಂತ ಬರೆದಿದ್ದೆ. ಎಲ್ಲರೂ ದೀಪದ ವೈರು ಸುತ್ತಿಕೊಳ್ತಿದ್ದರು. ಕರ್ಚೀಫು ತೆಗೆದೆ, ಒರೆಸಿದೆ, ಸರಿಯಾಗಿ ಬರೆದೆ. ನೀನು ಆ ಒದ್ದೆ ಬೆಡ್‌ಶೀಟಿನ ಹಿಂದೆ ನಿಂತಿದ್ದೆ. ನೋಡಲಿಲ್ಲ ಅಂದುಕೊಂಡೆ. ಮೂವತ್ತೊಂದು ವರ್ಷ ಅಂದುಕೊಂಡೇ ಇದ್ದೀನಿ.

ವಾರ್ತೆ ಓದುವವರ ಆಯ್ಕೆಗೆ ಹೋದೆಯಲ್ಲ, ಮೇಜಿನ ಹಿಂದೆ ಕೂತವರು ನಿನ್ನ ಮುಖ ನೋಡುತ್ತಲೇ ನಕ್ಕರು ಅಂತ ಬಂದು ಹೇಳಿದೆ. ಆವತ್ತು ನಾನು ಏನಂದೆ ಗೊತ್ತಾ ನಿನಗೆ? ‘ಉಚ್ಚಾರಣೆ ಅಭ್ಯಾಸ ಮಾಡು’ ಅಂದೆ. ನಿನಗೆ! ನಾನು! ನೀನು ‘ಆಯ್ತಣ್ಣ’ ಅಂದೆ. ಅಷ್ಟೇ ಅಂದೆ. ಬೈದಿದ್ದರೆ ಏನಾಗ್ತಿತ್ತೇ?

ಎಲ್ಲಿಗೆ ಎದ್ದೆ? ಬಾಲ್ಕನಿಗಾ? ಅಲ್ಲಿ ಯಾಕೆ... ಅಯ್ಯೋ, ಆ ರಟ್ಟನ್ನು ಹಗ್ಗಕ್ಕೆ ಸಿಗಿಸ್ತಿದ್ದೀಯಾ? ಕ್ಲಿಪ್ಪು ಬೇರೆ, ಎರಡು! ದಿಂಬಿನ ಚೀಲಕ್ಕೂ ಟವೆಲ್ಲಿಗೂ ನಡುವೆ... ಎದುರು ಮನೆಯವರು ಓದ್ತಾರೆ ಕಣೇ! ಇದು ಅದೇ ನೀಲಿ ಹಗ್ಗ ಅಲ್ವಾ? ಇನ್ನೂ ಇಟ್ಟುಕೊಂಡಿದ್ದೀಯ? ಜಗ್ಗಿಲ್ಲ. ಸಾಲಿನ ಉತ್ತರಾರ್ಧವಾದರೂ ನಿಜ ಅಂತಾಯ್ತು.

ಈಗ ಫೋನು ಯಾಕೆ? ಆರಿಸಿಬಿಡು, ನಾವು ಶುರು ಮಾಡಲೇ ಇಲ್ಲವಲ್ಲ... ಏನು? ಹದಿನೇಳು ನಿಮಿಷ? ಕೆಂಪು ಚುಕ್ಕೆ ಅಂದರೆ... ಆವಾಗಿನಿಂದ? ‘ಹಾಮೇಲೆ’ ಕೂಡ? ಕರ್ಚೀಫೂ?

ಕೊಡೇ ಇಲ್ಲಿ. ಕೊಡು ಅಂದೆ!... ಇಲ್ಲ. ಬೇಡ. ಇರಲಿ, ನಿನ್ನ ಕೈಯಲ್ಲೇ ಇರಲಿ. ನನ್ನ ಕೈಗೆ ಕೊಟ್ಟರೆ ನಾನು ಒರೆಸಿಬಿಡ್ತೀನಿ, ನನಗೆ ಗೊತ್ತು. ಕಳಿಸು. ಗುಂಪಿಗೇ ಕಳಿಸು. ಚಿಕ್ಕಮ್ಮ ಗ್ಯಾಸಿನವನಿಗೂ ಮುಟ್ಟಿಸ್ತಾರೆ. ಆ ಹುಡುಗಿಗೂ ಕಳಿಸು, ನಿನ್ನ ಡಾಕ್ಟರಿಗೂ ಕಳಿಸು. ನಾಳೆಯಿಂದ ಬೈಕಿನ ಕೆಳಗೂ ಬೆಕ್ಕಿನ ಕೆಳಗೂ ನನ್ನ ಮುಖ ಬರಲಿ. ನಿಯಮದ ಚಿಂತೆ ಬಿಡು, ಎಲ್ಲರೂ ಮುರಿದಿದ್ದಾರೆ, ಬರೆದ ನಾನೇ ಮೊದಲು ಮುರಿದವನು, ಮೂವತ್ತೊಂದು ವರ್ಷ ಮುಂಚೆಯೇ. ಒತ್ತು ಪುಟ್ಟಿ. ಹಸಿರು ಬಾಣ. ಅಲ್ಲ, ಅದಲ್ಲ... ಅದು ಕಸದ ಬುಟ್ಟಿ ಕಣೇ! ಬೇಡ, ಅದು ಹೋದರೆ ನಾನೇ ಹೇಳಬೇಕಾಗುತ್ತೆ ನಾಳೆ, ಅವಳ ಮುಂದೆ, ನನ್ನ ಬಾಯಲ್ಲೇ... ಪುಟ್ಟಿ, ಬೇಡ...

ಅಳಿಸಿಬಿಟ್ಟೆಯಾ.