ಎರಡು ಹೊಂಡಕ್ಕೆ ಒಂದೇ ಜೊತೆ ಬೂಟು

ಅಲ್ಲ ಮೇಷ್ಟ್ರೇ, ಹಾಗೆ ಬಾಗಿಲಲ್ಲೇ ನಿಂತ್ರೆ ಹೇಗೆ? ಒಳಗೆ ಬನ್ನಿ... ಆ ಬಟ್ಟೆ ಗಂಟು ಆಚೆ ತಳ್ಳಿ ಕೂತ್ಕೊಳ್ಳಿ. ಹೊಲಿಗೆ ಅಂಗಡಿ ಅಂದ್ಮೇಲೆ ಹೀಗೇ. ಆದ್ರೆ ಆ ಡಬ್ಬಿ ಮುಚ್ಚಿಬಿಡಿ. ದಯವಿಟ್ಟು! ನೋಡಿದೆ, ನೋಡಿದೆ. ಒಂಬತ್ತು, ಎಲ್ಲಾ ಸತ್ತವು. ಕಪ್ಪೆ ಕಂಡ್ರೆ ಎಣಿಸೋ ಚಟ ಹಿಡಿಸಿದ್ದು ನೀವೇ ಅಲ್ವಾ?

ಯಾಕೆ ಹಾಗೆ ನೋಡ್ತೀರಿ? ನಗ್ತಿದೀನಿ ಅಂತಾನಾ? ಭಯ ಆದ್ರೆ ನಂಗೆ ನಗು ಬರುತ್ತೆ. ಚಿಕ್ಕೋಳಿದ್ದಾಗಿಂದ ಹಾಗೇ.

ಕಲ್ಲು ಕ್ವಾರಿ ಹೊಂಡದವೇ ತಾನೇ? ಅಯ್ಯೋ... ನಿಮ್ಮ ಹಳದಿ ಹೊಟ್ಟೆಯವೇ. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಥರ ನೋಡ್ಕೊಂಡು ಬಂದಿದ್ರಿ. ಈ ಸುತ್ತಲ್ಲಿ ಬೇರೆಲ್ಲೂ ಇಲ್ಲ ಅಂತಿದ್ರಿ. ಎಷ್ಟು ಉಳಿದಿವೆ? ಮೇಷ್ಟ್ರೇ? ಒಂದಷ್ಟಾದ್ರೂ ಉಳಿದಿರ್ಬೇಕಲ್ಲ!

ಬಿಸಿಲು ನೋಡಿ ಈ ಸಲ... ನೀರು ಕೆಟ್ಟಿರ್ಬೇಕು. ಇಲ್ಲಾ ಲಾರಿಯವ್ರು ಏನೋ ಸುರಿದಿರ್ಬೇಕು. ತಲೆ ಯಾಕೆ ಅಲ್ಲಾಡಿಸ್ತೀರಿ? ಆ ಚರ್ಮದ ರೋಗ... ಕಾರ್ಖಾನೆ ಹೊಂಡದ ಕಪ್ಪೆಗಳಿಗೆ ಬಂದಿತ್ತಲ್ಲ, ಅದಾ? ಅದೆಲ್ಲಿ, ಇದೆಲ್ಲಿ! ಮಧ್ಯೆ ಒಂದು ಮೈಲಿ ರಸ್ತೆ, ರೈಲು ಹಳಿ. ಕಪ್ಪೆ ಹಳಿ ದಾಟಿ ಬರುತ್ತಾ? ಹಕ್ಕಿ ಕಾಲಿಗೆ ಅಂಟ್ಕೊಂಡು ಬಂದಿರ್ಬೇಕು. ಬಕ, ಬಾತುಕೋಳಿ, ಯಾವುದೋ ಒಂದು!

ನಾನು ನಿಯಮ ಪಾಲಿಸಿದೀನಿ ಮೇಷ್ಟ್ರೇ. ಕಾರ್ಖಾನೆ ಹೊಂಡ ಆದ್ಮೇಲೆ ಬೂಟು, ಬಲೆ ಎರಡನ್ನೂ ಔಷಧಿ ನೀರಲ್ಲಿ ಅರ್ಧ ಗಂಟೆ ನೆನೆಸ್ಬೇಕು. ಆಮೇಲೇ ಕ್ವಾರಿ ಹೊಂಡಕ್ಕೆ ಕಾಲಿಡ್ಬೇಕು. ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತೀನಿ. ತಗೊಳ್ಳಿ, ಫಾರಂ ನೋಡಿ. ಹದಿನಾರು ವಾರದ ಎಣಿಕೆ. ಹದಿನಾರಕ್ಕೂ 'ತೊಳೆದಿದೆ' ಅಂತ ಗುರುತು ಹಾಕಿದೀನಿ.

ನಿಮಗೆ ಮೋಸ ಮಾಡ್ತೀನಾ ನಾನು? ಕಪ್ಪೆ ಎಣಿಸೋಕೆ ಸಂಘ ಕೊಡೋ ಅನುದಾನ ಓದಿದೋರಿಗೇ ಸಿಗ್ಬೇಕು ಅಂತ ಆ ಪಿಎಚ್‌ಡಿ ಡಾಕ್ಟ್ರು ಹಠ ಹಿಡಿದಾಗ, 'ಸೂಜಿಗೆ ದಾರ ಪೋಣಿಸೋ ಕಣ್ಣಿಗೆ ಕಪ್ಪೆ ಕಾಣಲ್ವಾ?' ಅಂತ ತುಂಬಿದ ಸಭೇಲಿ ಎದ್ದು ನಿಂತಿದ್ದು ನೀವು. ಅನುದಾನ ನಂಗೇ ಸಿಕ್ತು, ಸಂಘದ ಪತ್ರಿಕೇಲಿ ನನ್ನ ಹೆಸರು ಬಂತು. ಬೂಟು, ಬಲೆ, ಆ ಔಷಧಿ ಬಾಟ್ಲಿ ಎಲ್ಲ ಆ ದುಡ್ಡಿಂದಾನೇ ಬಂದಿದ್ದು. ಆ ಪುಟ ನೋಡಿ, ಗೋಡೆಗೆ ಅಂಟಿಸಿದೀನಿ.

ಆದ್ರೆ ನಮ್ಮಮ್ಮ ಗೊತ್ತಲ್ಲ ನಿಮಗೆ. ಮರೆವು. ಒಬ್ಬಳನ್ನೇ ಬಿಟ್ರೆ ಎದ್ದು ಬೀದಿಗೆ ಹೋಗಿಬಿಡ್ತಾಳೆ. ಪಕ್ಕದ ಮನೆಯಾಕೆ ಕೂರೋದು ಒಂದೂವರೆ ಗಂಟೆ, ಅಷ್ಟೇ. ಅಷ್ಟರಲ್ಲಿ ಎರಡು ಹೊಂಡ, ಎರಡು ಎಣಿಕೆ, ಸೈಕಲ್ ತುಳಿಯೋದು... ಅದ್ರಲ್ಲಿ ಇನ್ನರ್ಧ ಗಂಟೆ ಎಲ್ಲಿಂದ ತ—

ಅಂದ್ರೆ... ಕಷ್ಟ ಅಂದೆ. ಕಷ್ಟಪಟ್ಟು ಮಾಡ್ದೆ ಅಂದೆ.

ಯಾಕೆ ಎದ್ರಿ? ಕೂತ್ಕೊಳ್ಳಿ, ನೀರು ತರ್ತೀನಿ. ಕಿಟಕಿ ಹತ್ರ ಬೇಡ, ಅಲ್ಲಿ ಬರೀ ದಾರದ ಉಂಡೆ... ಹಿಂದುಗಡೆ ಕೈ ಹಾಕ್ಬೇಡಿ, ಸೂಜಿ ಚುಚ್ಚುತ್ತೆ! ಮೇಷ್ಟ್ರೇ!

ಇಡಿ ಅದನ್ನ. ಬೆಳಕಿಗೆ ಹಿಡಿದು ಏನು ನೋಡ್ತೀರಿ? ಅದು... ಅದು ಎರಡನೇ ಬಾಟ್ಲಿ, ಅದಕ್ಕೇ ತುಂಬಿದೆ. ಮೊದಲನೇದು ಮುಗೀತು, ಎಸೆದೆ...

ನೀವು ಕೊಟ್ಟಿದ್ದು ಒಂದೇ. ಹೂಂ. ನೀವೇ ಕೈಯಾರೆ ಕೊಟ್ಟಿದ್ರಿ.

ಬೈದುಬಿಡಿ ಮೇಷ್ಟ್ರೇ. ಕೈ ಮುಗೀತೀನಿ, ಏನಾದ್ರೂ ಅನ್ನಿ! ಮೊದಲ ವಾರ ತೊಳೆಯೋದು ಬಿಟ್ಟೆ. ಹಿಂದಿನ ದಿನ ತಾನೇ ಅಮ್ಮ ಬೀದಿ ತುದಿಗೆ ಹೋಗಿಬಿಟ್ಟಿದ್ಲು, ಬೇಗ ಮನೆ ಸೇರ್ಬೇಕಿತ್ತು. ಏನೂ ಆಗ್ಲಿಲ್ಲ. ಕಪ್ಪೆ ಚೆನ್ನಾಗೇ ಇದ್ವು. ಎರಡನೇ ವಾರಾನೂ ಏನೂ ಆಗ್ಲಿಲ್ಲ. ಆಮೇಲೆ... ಆಮೇಲೆ ಸತ್ತವು ಕಾಣಿಸಿದ್ವು. ಹನ್ನೊಂದನೇ ವಾರ. ಫಾರಂನಲ್ಲಿ ಬರೀಲಿಲ್ಲ. ಹೆದರಿಕೆ ಆಯ್ತು. ಹೆದರ್ಕೊಂಡೇ ಮತ್ತೆ ಅದೇ ಬೂಟಲ್ಲಿ ಇಳಿದೆ.

ಆ ಬಕೆಟ್ ಯಾಕೆ? ಬೇಡ, ನೀವು ನನ್ನ ಬೂಟು ಮುಟ್ಬೇಡಿ. ಮುಚ್ಚಳ ಗಟ್ಟಿ ಇದೆ, ಸೀಲು ಹಾಗೇ ಇದೆ, ಕೊಡಿ, ನಾನು ತೆಗೀತೀನಿ.

ಗಡಿಯಾರ ನೋಡ್ತಿದೀರಾ?

ಗೊತ್ತು ಮೇಷ್ಟ್ರೇ. ಅರ್ಧ ಗಂಟೆ.