ಪರದೆ ಹಿಂದಿನ ಪಾರ್ಟು

ವಲಸೆ ಕೂಲಿಗಳ ಬದುಕಿನ ಮರಾಠಿ ನಾಟಕ ಮುಗಿದಿತ್ತು. ಕೊಂಢವಾ ಬಸ್ಸಿಗೆ ಕಾಯುತ್ತಿದ್ದ ತಾಯಿ-ಮಗಳ ಕನ್ನಡ ನನಗೂ ತಿಳಿಯುತ್ತದೆಂದು ಅವರಿಗೆ ಗೊತ್ತಾಗದಿರಲಿ ಎಂದು ನಾನು ಕರಪತ್ರದಲ್ಲಿ ತಲೆ ಹುದುಗಿಸಿದ್ದೆ.

“ನೀತಾ, ಕಲಬುರ್ಗಿ ಕೂಲಿ ಹೆಂಗಸಿನ ಪಾರ್ಟು ನಂದ ಅಂದಿದ್ದಿ. ಎಲ್ಲೂ ಕಾಣಲಿಲ್ಲಲ್ಲ?”

“ಸ್ಟೇಜಿನ ಮ್ಯಾಲಿದ್ದಾಕಿ ಬರೇ ತುಟಿ ಅಲಗಿಸಿದ್ಳು, ಅವ್ವಾ. ಪರದೆ ಹಿಂದ ಮಾತಾಡಿದಾಕಿ ನಾ.”

“ಯಾಕ?”

“ನಿನ್ನ ಮಾತು ಖರೇ ಅದ, ಮಾರಿ ಕೂಲಿಯವರಂಗ ಇಲ್ಲ ಅಂದ್ರು ಡೈರೆಕ್ಟರ್.”

“ನೀ ಹುಟ್ಟಿದ್ದ ನಾ ಕೂಲಿ ಮಾಡ್ತಿದ್ದ ಉಸುಕಿನ ಗುಂಪಿ ಪಕ್ಕದಾಗ! ಆಕಿ ಮಾರಿ ಹಂಗ ಅದ ಏನು?”

“ಇಲ್ಲ. ಅದಕ್ಕ ಮಸಿ ಬಳದು, ನಿನ್ನ ಸೀರಿ ಉಡಿಸಿದ್ರು.”

“ಸೀರಿ ಕೇಳಿ ಒಯ್ದದ್ದು ಅದಕ್ಕೇನು!”

“ಅಪ್ಪ ಓಣಿಗೆಲ್ಲಾ ಹೇಳ್ಯಾನವ್ವಾ. ನಾಳೆ ಎಲ್ಲಾರೂ ಕೇಳ್ತಾರ.”

ಬಸ್ಸು ಬಂತು. ತಾಯಿ ಮಗಳ ಕೈ ಹಿಡಿದಳು.

“ಯಾರ ಮುಂದೂ ಬಾಯಿ ಬಿಡಬ್ಯಾಡ. ನೀನ ಆಡಿದಿ, ಬಣ್ಣ ಹಚ್ಚಿದ್ದಕ್ಕ ಹಡೆದಾಕಿಗೂ ಗುರುತು ಸಿಗಲಿಲ್ಲ ಅಂತೀನಿ. ಹತ್ತು.”